ಸುಲ್ತಾನ್ ಖಾನ್ ಬಗ್ಗೆ ಆ ಕತೆ ಇನ್ನು ಸಾಕು

ಚೆಸ್ ಸ್ಪರ್ಧೆಯ ಬಹುಮಾನ ಹಂಚಲು ಬರುವ ಅತಿಥಿಗಳಿಗೆ ಒಂದು ಕತೆ ಬಾಯಿಪಾಠ ಆಗಿಬಿಟ್ಟಿದೆ. ಮುಂಬಯಿಯ ನಮ್ಮ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಮಕ್ಕಳಿಗೆ ಚೆಸ್ಸು, ಕೇರಂ ಅಂತ ಇಡುತ್ತವಲ್ಲ, ಅಲ್ಲಿ ಐದಾರು ಸಲವಾದರೂ ಕೇಳಿದ್ದೇನೆ. ಈಗ ಅದೇ ಕತೆ ಮೊಬೈಲಿನಲ್ಲೂ ಓಡಾಡುತ್ತಿದೆ, ಕೊನೆಗೆ ಎರಡು ಕೈಮುಗಿದ ಚಿತ್ರಗಳ ಸಮೇತ. ಕತೆ ಹೀಗೆ: ಒಬ್ಬ ಮಹಾರಾಜರು ಇದ್ದರು. ಅವರ ಮನೆಯಲ್ಲಿ ಸುಲ್ತಾನ್ ಅಂತ ಒಬ್ಬ ಆಳು ಇದ್ದ. ಅವನಿಗೆ ಓದು ಬರಹ ಬಾರದು. ರಾಜರು ಆಡುವುದನ್ನು ನೋಡಿ ನೋಡಿಯೇ ಚೆಸ್ ಕಲಿತ. ಇಂಗ್ಲೆಂಡಿಗೆ ಹೋದ, ಕಾಪಾಬ್ಲಾಂಕಾ ಅವರನ್ನೇ ಸೋಲಿಸಿದ, ಆಮೇಲೆ ಧಣಿಗಳ ಹಿಂದೆಯೇ ಊರಿಗೆ ಬಂದು ಹೊಲ ನೋಡಿಕೊಂಡು ಸತ್ತುಹೋದ. ನೋಡಿ ಮಕ್ಕಳೇ, ಪ್ರತಿಭೆಗೆ ವಿದ್ಯೆಯ ಹಂಗಿಲ್ಲ!

ಚಪ್ಪಾಳೆ. ಆಮೇಲೆ ಉಪ್ಪಿಟ್ಟು, ಕಾಫಿ.

ಈ ಕತೆಯಲ್ಲಿ ಮಹಾರಾಜ ಅನ್ನುವುದು ಸುಳ್ಳು. ಓದು ಬರಹ ಬಾರದು ಅನ್ನುವುದು ಸುಳ್ಳು. ನೋಡಿ ನೋಡಿ ಕಲಿತ ಅನ್ನುವುದು ಸುಳ್ಳು. ಆಳು ಅನ್ನುವುದರ ಬಗ್ಗೆ ಜಗಳ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಉಳಿದದ್ದು ಕಾಪಾಬ್ಲಾಂಕಾ ಸೋತದ್ದು ಮತ್ತು ಹೊಲ. ಅವೆರಡು ನಿಜ.

ಇನ್ನೊಂದು ಗಮನಿಸಿದಿರಾ? ರಾಜರು ‘ಅವರು’, ಕಾಪಾಬ್ಲಾಂಕಾ ‘ಅವರು’, ಸುಲ್ತಾನ್ ಮಾತ್ರ ‘ಅವನು’. ಸಚಿನ್ ತೆಂಡೂಲ್ಕರ್‌ನನ್ನು ನಾವು ‘ಅವನು’ ಅಂದರೆ ಅದು ಸಲಿಗೆ, ಪಕ್ಕದ ಮನೆ ಹುಡುಗ ಅನ್ನುವ ಹಾಗೆ. ಆದರೆ ಒಂದೇ ವಾಕ್ಯದಲ್ಲಿ ಸೋತವರಿಗೆ ಬಹುವಚನ, ಗೆದ್ದವನಿಗೆ ಏಕವಚನ ಅಂದರೆ ಅದು ಸಲಿಗೆ ಅಲ್ಲ. ಕನ್ನಡದಲ್ಲಿ ಇಂಥದ್ದು ಮುಚ್ಚಿಡಲು ಆಗುವುದಿಲ್ಲ, ಕ್ರಿಯಾಪದದ ಬಾಲದಲ್ಲಿ ಹೊರಗೆ ಬಂದುಬಿಡುತ್ತದೆ.

ಮೊದಲು ಮನುಷ್ಯ ಯಾರು ಅಂತ ಹೇಳಿಬಿಡುತ್ತೇನೆ. ಪಂಜಾಬಿನ ಮಿಠಾ ತಿವಾನಾ ಅನ್ನುವ ಊರು, ಈಗ ಪಾಕಿಸ್ತಾನದಲ್ಲಿದೆ. ಹುಟ್ಟಿದ್ದು 1903 ಅಂತ ಕೆಲವರು, 1905 ಅಂತ ಕೆಲವರು. ಒಂಬತ್ತನೇ ವಯಸ್ಸಿಗೆ ಚದುರಂಗ ಹೇಳಿಕೊಟ್ಟವರು ಯಾವ ರಾಜನೂ ಅಲ್ಲ, ಅವರ ಸ್ವಂತ ಅಪ್ಪ. ಇಪ್ಪತ್ತೊಂದರ ಹೊತ್ತಿಗೆ ಪಂಜಾಬಿನಲ್ಲಿ ಅವರಿಗೆ ಎದುರು ಕೂರುವವರಿಲ್ಲ ಅನ್ನುವ ಹೆಸರು. ಆ ಸೀಮೆಯ ದೊಡ್ಡ ಜಮೀನುದಾರ ಸರ್ ಉಮರ್ ಹಯಾತ್ ಖಾನ್ ತಿವಾನಾ ಇವರನ್ನು ಕರೆಸಿಕೊಂಡರು. ಆ ಉಮರ್ ಹಯಾತ್ ಜಮೀನುದಾರ, ಸೈನ್ಯದಲ್ಲಿ ದೊಡ್ಡ ಹುದ್ದೆ, ಬ್ರಿಟಿಷರಿಗೆ ಬಲು ಬೇಕಾದವರು. ರಾಜ್ಯವೂ ಇಲ್ಲ, ಸಿಂಹಾಸನವೂ ಇಲ್ಲ. ಅವರನ್ನು ಮಹಾರಾಜ ಮಾಡಿದ್ದು ಅಮೆರಿಕದ ಚೆಸ್ ಆಟಗಾರ ರೂಬೆನ್ ಫೈನ್. ಭಾರತದಿಂದ ಬಂದ ಶ್ರೀಮಂತರೆಲ್ಲ ಮಹಾರಾಜರೇ ಅಂತ ಅಂದುಕೊಂಡಿದ್ದರೋ ಏನೋ!

ಕತೆಯ ಮುಕ್ಕಾಲು ಭಾಗ ಬಂದದ್ದೂ ಈ ಫೈನ್ ಕಡೆಯಿಂದಲೇ. 1933ರಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ಚೆಸ್ ಒಲಿಂಪಿಯಾಡ್ ನಡೆಯಿತು, ಅಮೆರಿಕ ಗೆದ್ದಿತು. ಗೆದ್ದ ತಂಡವನ್ನು ಉಮರ್ ಹಯಾತ್ ಊಟಕ್ಕೆ ಕರೆದರು. ಫೈನ್‌ಗೆ ಆಗಿನ್ನೂ ಹದಿನೆಂಟು ವಯಸ್ಸು. ಬಹಳ ವರ್ಷಗಳ ಮೇಲೆ ಅವರು ಬರೆದುಕೊಂಡ ಪ್ರಕಾರ, ನಾನು ಸಾಮಾನ್ಯವಾಗಿ ನನ್ನ ಬೇಟೆನಾಯಿಗಳ ಜೊತೆ ಬಿಟ್ಟರೆ ಯಾರ ಹತ್ತಿರವೂ ಮಾತಾಡುವುದಿಲ್ಲ, ನೀವು ಬಂದದ್ದು ನಿಮ್ಮ ಭಾಗ್ಯ, ಅನ್ನುವ ಧಾಟಿಯಲ್ಲಿ ಮನೆಯ ಯಜಮಾನರು ಸ್ವಾಗತಿಸಿದರಂತೆ. ಊಟಕ್ಕೆ ಕುಳಿತಾಗ ಬಡಿಸಲು ಬಂದವರು ಸುಲ್ತಾನ್ ಖಾನ್. ಅಷ್ಟು ದೊಡ್ಡ ಆಟಗಾರ ನಮಗೆ ಬಡಿಸುವುದಾ ಅಂತ ಇವರಿಗೆ ಮುಜುಗರ. ಅದೇ ಬರಹದಲ್ಲಿ ಸುಲ್ತಾನ್ ಖಾನ್ ಜಮೀನುದಾರನ ಜೀತದಾಳಿನಂಥವರು, ಇಂಗ್ಲಿಷ್ ಸರಿಯಾಗಿ ಬಾರದು, ಯುರೋಪಿನ ರೀತಿಯಲ್ಲಿ ನಡೆಗಳನ್ನು ಬರೆದದ್ದು ಓದಲಿಕ್ಕೂ ಆಗದಂತೆ, ಹಿಂದೂಸ್ತಾನಿಯಲ್ಲಿ ಬರೆದುಕೊಳ್ಳುತ್ತಿದ್ದರು ಅಂತೆಲ್ಲ ಇದೆ.

ಇಲ್ಲಿ ಸ್ವಲ್ಪ ನಿಲ್ಲಿ. ಹಿಂದೂಸ್ತಾನಿಯಲ್ಲಿ ಬರೆದುಕೊಳ್ಳುತ್ತಿದ್ದರು!

ಅಲ್ಲಾ ಸ್ವಾಮಿ, ಒಬ್ಬ ಮನುಷ್ಯ ಎದುರು ಗಡಿಯಾರ ಓಡುತ್ತಿರುವಾಗ ನಲವತ್ತು, ಅರವತ್ತು ನಡೆಗಳನ್ನು ಒಂದೊಂದಾಗಿ ತನ್ನ ಭಾಷೆಯಲ್ಲಿ ಬರೆದುಕೊಳ್ಳುತ್ತಾನೆ. ಅವನು ಅನಕ್ಷರಸ್ಥ ಹೇಗಾದ? ಇಂಗ್ಲಿಷ್ ಬಾರದವ ಅಂತ ಹೇಳಿ, ಒಪ್ಪುತ್ತೇನೆ. ಇಂಗ್ಲಿಷ್ ಚೆಸ್ ಪುಸ್ತಕ ಓದಿರಲಿಲ್ಲ ಅನ್ನಿ, ಅದೂ ಸರಿ. ಇಂಗ್ಲಿಷ್ ಬಾರದು ಅನ್ನುವುದು ಅಕ್ಷರವೇ ಬಾರದು ಅಂತ ಆದದ್ದು ದಾರಿಯಲ್ಲಿ ಎಲ್ಲಿ? ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವಾಗ ಯಾರೋ ಒಬ್ಬರು ಸೇರಿಸಿದರು, ಉಳಿದವರಿಗೆ ಅದು ಇಷ್ಟವಾಯಿತು. ಏನೂ ಬಾರದವನು ಗೆದ್ದ ಅಂದರೆ ಕತೆಗೆ ರುಚಿ ಜಾಸ್ತಿ ನೋಡಿ.

ನನಗೆ ಇದು ಯಾಕೆ ಇಷ್ಟು ಉರಿಯುತ್ತದೆ ಅಂದರೆ, ಈ ಊರಲ್ಲಿ ಅದು ಆಗುವುದನ್ನು ಕಣ್ಣಾರೆ ನೋಡಿದ್ದೇನೆ. 1971ರಲ್ಲಿ ಕುಂದಾಪುರ ಕಡೆಯಿಂದ ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಸೇರಿದವ ನಾನು. ಆಗ ನನಗೆ ಹದಿಮೂರು. ಅಲ್ಲಿನ ಅಡಿಗೆ ಭಟ್ಟರು ಇಡೀ ಹೋಟೆಲಿನ ಸಾಮಾನಿನ ಲೆಕ್ಕ ಕನ್ನಡದಲ್ಲಿ ಬರೆದಿಡುತ್ತಿದ್ದರು, ಮುತ್ತು ಪೋಣಿಸಿದಂಥ ಅಕ್ಷರ. ಯಕ್ಷಗಾನ ಪ್ರಸಂಗದ ಪುಸ್ತಕಗಳು ಅವರ ಟ್ರಂಕಿನಲ್ಲಿ ಹತ್ತಿಪ್ಪತ್ತು ಇದ್ದವು. 1978ರಲ್ಲಿ ಏನೋ ಒಂದು ಕಾಗದಕ್ಕಾಗಿ ಒಂದು ಕಚೇರಿಗೆ ಹೋದರು, ಜೊತೆಗೆ ನಾನು. ಅರ್ಜಿಗೆ ಕನ್ನಡದಲ್ಲಿ ಸಹಿ ಹಾಕಿದರು. ಗುಮಾಸ್ತ ಅದನ್ನು ನೋಡಿ, ಇದು ಯಾರಿಗೆ ಓದಲಿಕ್ಕೆ ಬರುತ್ತದೆ ಅಂತ ಸಹಿಯ ಮೇಲೆ ಗೀಟು ಹಾಕಿ, ಶಾಯಿಯ ಪ್ಯಾಡು ಮುಂದೆ ತಳ್ಳಿ ಹೆಬ್ಬೆಟ್ಟು ಒತ್ತಿಸಿಕೊಂಡ. ವಿದ್ಯಾಭ್ಯಾಸದ ಜಾಗದಲ್ಲಿ ‘ಅನ್‌ಪಡ್’ ಅಂತ ತಾನೇ ಬರೆದ. ಭಟ್ಟರು ಏನೂ ಅನ್ನಲಿಲ್ಲ. ಹೊರಗೆ ಬಂದು ಧೋತ್ರದ ಅಂಚಿಗೆ ಹೆಬ್ಬೆಟ್ಟು ಒರೆಸಿಕೊಂಡರು. ಆ ಕಾಗದ ಎಲ್ಲಾದರೂ ಉಳಿದಿದ್ದರೆ, ನಾಳೆ ಅದನ್ನು ನೋಡಿದವರು ಭಟ್ಟರನ್ನು ಅನಕ್ಷರಸ್ಥ ಅಂತಲೇ ತಿಳಿದುಕೊಳ್ಳುತ್ತಾರೆ. ದಾಖಲೆ ಇದೆಯಲ್ಲ!

ಸುಲ್ತಾನ್ ಖಾನ್ ಅವರ ಬಗ್ಗೆ ಇರುವ ದಾಖಲೆಯ ತೂಕವೂ ಇಷ್ಟೇ.

ಈಗ ಆಳು ಅನ್ನುವ ಮಾತು. 2020ರಲ್ಲಿ ಬ್ರಿಟಿಷ್ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ಕಿಂಗ್ ಸುಲ್ತಾನ್ ಖಾನ್ ಮೇಲೆ ದೊಡ್ಡ ಪುಸ್ತಕ ಬರೆದರು. ಅದರ ತಲೆಬರಹದ ಜೊತೆಗೇ ‘ಸರ್ವೆಂಟ್’ ಅನ್ನುವ ಪದ ಇತ್ತು. ಸುಲ್ತಾನ್ ಖಾನರ ಮನೆಯವರಿಗೆ, ಅದರಲ್ಲೂ ಮೊಮ್ಮಗಳಿಗೆ, ಸಿಟ್ಟು ಬಂತು. ನಮ್ಮದು ಪೀರರ ಮನೆತನ, ಜಮೀನು ಇದ್ದವರು, ಅಜ್ಜ ಯಾರ ಆಳೂ ಆಗಿರಲಿಲ್ಲ, ಅವರಿಗೆ ಓದು ಬರಹ ಬರುತ್ತಿತ್ತು, ಉಮರ್ ಹಯಾತ್ ಅವರು ಸಂಬಳ ಊಟ ವಸತಿ ಕೊಟ್ಟು ಚೆಸ್ ತಂಡ ಕಟ್ಟಲು ಕರೆಸಿಕೊಂಡದ್ದು ಅಂತ ಪ್ರತಿಭಟಿಸಿದರು. ಅವರ ಮಾತಿಗೆ ಬೆಲೆ ಇದೆ. ಒಂದು ರಾತ್ರಿ ಊಟಕ್ಕೆ ಹೋದ ಹದಿನೆಂಟರ ಹುಡುಗನಿಗಿಂತ ಮನೆಯವರಿಗೆ ಹೆಚ್ಚು ಗೊತ್ತಿರುತ್ತದೆ.

ಆದರೆ ನನ್ನ ತಕರಾರು ಮನೆಯವರ ಜೊತೆಗೂ ಇದೆ, ಹೇಳಿಬಿಡುತ್ತೇನೆ. ಆಳು ಆಗಿದ್ದರೇ ಏನಾಗುತ್ತಿತ್ತು? ಬಡಿಸಿದರೆ ಏನಾಯಿತು? ಎಂಜಲು ಎತ್ತಿದ ಕೈ ಇದು, ರಾತ್ರಿ ಶಾಲೆಯಲ್ಲಿ ಬೀಜಗಣಿತ ಮಾಡಿದ್ದೂ ಇದೇ ಕೈ. ಬೆಳಿಗ್ಗೆ ಆರಕ್ಕೆ ಕಪ್ಪು ಬಶಿ ತೊಳೆದು, ರಾತ್ರಿ ಏಳಕ್ಕೆ ಕನ್ನಡ ರಾತ್ರಿ ಶಾಲೆಗೆ ಓಡಿ, ಮುಂದೆ ಬ್ಯಾಂಕು, ಕೋರ್ಟು, ಕಾಲೇಜು ಸೇರಿದ ನಮ್ಮ ಕಡೆಯ ಹುಡುಗರು ಮುಂಬಯಿಯಲ್ಲಿ ಸಾವಿರಾರು. ನಮಗೆ ನೋವಾಗುತ್ತಿದ್ದದ್ದು ಬಡಿಸುವುದರಿಂದ ಅಲ್ಲ. ಎಸ್ಸೆಸ್ಸಿ ಪಾಸಾದ ಮೇಲೂ, ಆಫೀಸು ಸೇರಿದ ಮೇಲೂ, “ಇವನು ನೋಡಿ, ನಮ್ಮ ಹೋಟೆಲ್ ಮಾಣಿ, ಎಷ್ಟು ಚುರುಕು!” ಅಂತ ಪರಿಚಯ ಮಾಡಿಸುತ್ತಿದ್ದರಲ್ಲ, ಅದು. ಬಾಯಲ್ಲಿ ಹೊಗಳಿಕೆ, ಕೈಯಲ್ಲಿ ನಮ್ಮ ತಲೆಯನ್ನು ಅದೇ ಮಟ್ಟಕ್ಕೆ ಒತ್ತಿ ಹಿಡಿಯುವುದು.

ಮ್ಯಾಕ್ಸ್ ಯೂವೆ 1935ರಲ್ಲಿ ಅಲೆಖಿನ್ ಅವರನ್ನು ಸೋಲಿಸಿ ವಿಶ್ವಚಾಂಪಿಯನ್ ಆದರು. ಅವರು ಹಾಲೆಂಡಿನಲ್ಲಿ ಲೆಕ್ಕದ ಮೇಷ್ಟ್ರು. ಮಿಲಾನ್ ವಿಡ್ಮಾರ್ ವಿದ್ಯುತ್ ಎಂಜಿನಿಯರು. ಇವರ ಬಗ್ಗೆ ಬರೆಯುವಾಗ ಮೊದಲು ಆಟ, ಆಮೇಲೆ ಸಣ್ಣದಾಗಿ ಹೊಟ್ಟೆಪಾಡು. ಸುಲ್ತಾನ್ ಖಾನ್ ವಿಷಯದಲ್ಲಿ ಮಾತ್ರ ಮೊದಲು ಬಡಿಸುವ ತಟ್ಟೆ, ಆಮೇಲೆ ಬೇಕಿದ್ದರೆ ಆಟ. ಬಹಳ ಮಂದಿಗೆ ಆಟವೂ ಬೇಕಿಲ್ಲ. ಈ ಕತೆ ಹೇಳಿದ ಅತಿಥಿಗಳಲ್ಲಿ ಇಬ್ಬರ ಹತ್ತಿರ ಸುಲ್ತಾನ್ ಖಾನರ ಯಾವ ಆಟ ನೋಡಿದ್ದೀರಿ ಸಾರ್ ಅಂತ ಕೇಳಿದ್ದೇನೆ. ಒಬ್ಬರು ನಕ್ಕರು. ಇನ್ನೊಬ್ಬರಿಗೆ ಟ್ರೇನಿಗೆ ಹೊತ್ತಾಗಿತ್ತು.

ಮೂರನೆಯ ಸುಳ್ಳು ಎಲ್ಲಕ್ಕಿಂತ ಕೆಟ್ಟದ್ದು. ಹುಟ್ಟು ಪ್ರತಿಭೆ, ಯಾರೂ ಕಲಿಸಲಿಲ್ಲ, ದೇವರು ಕೊಟ್ಟದ್ದು ಅನ್ನುವುದು. ಇದು ಮಕ್ಕಳ ತಲೆಗೆ ಹೋಗುತ್ತದೆ ಅನ್ನುವುದೇ ನನ್ನ ಚಿಂತೆ.

ಸುಲ್ತಾನ್ ಖಾನ್ ಕಲಿತದ್ದು ನಮ್ಮ ಹಳೆಯ ದೇಶೀ ಚದುರಂಗ. ನಮ್ಮಜ್ಜ ಜಗಲಿಯಲ್ಲಿ ಆಡುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ, ಹಾಗಾಗಿ ನನಗೆ ಅದರ ರುಚಿ ಗೊತ್ತು. ಅದರಲ್ಲಿ ಕಾಲಾಳು ಮೊದಲ ಸಲವೂ ಎರಡು ಮನೆ ಹಾರುವುದಿಲ್ಲ, ಒಂದೇ ಮನೆ. ಈಗಿನ ಕ್ಯಾಸ್ಲಿಂಗ್ ಇಲ್ಲ, ಅದರ ಬದಲು ರಾಜ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ಕಾಲಾಳು ಕೊನೆಯ ಮನೆ ಮುಟ್ಟಿದರೆ ಮಂತ್ರಿಯೇ ಆಗಬೇಕೆಂದಿಲ್ಲ, ಯಾವ ಸಾಲಿನಲ್ಲಿ ಮುಟ್ಟಿತೋ ಆ ಸಾಲಿನ ಕಾಯಿ ಆಗುತ್ತದೆ. ಇದರಿಂದ ಆಟ ನಿಧಾನ. ಮೊದಲ ಹತ್ತು ನಡೆಯಲ್ಲಿ ಮಿಂಚು ಗುಡುಗು ಇಲ್ಲ. ಎರಡೂ ಕಡೆ ಗೋಡೆ ಕಟ್ಟಿಕೊಂಡು, ಗೋಡೆಯ ಹಿಂದೆ ಕುದುರೆ ಆನೆಗಳನ್ನು ಜಾಗಕ್ಕೆ ತಂದುಕೊಂಡು, ಎದುರಿನವನ ಗೋಡೆಯಲ್ಲಿ ಬಿರುಕು ಎಲ್ಲಿದೆ ಅಂತ ಗಂಟೆಗಟ್ಟಲೆ ಹುಡುಕುವುದು. ಮುಗಿತಾಯದಲ್ಲಿ ಒಂದೊಂದು ಕಾಲಾಳಿಗೂ ಜೀವದ ಬೆಲೆ. ಇದು ಬರೀ ಹೊತ್ತುಕಳೆಯುವ ಆಟ ಆಗಿರಲಿಲ್ಲ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳ ಮೇಲೆ ಎಷ್ಟು ಕೆಲಸ ಮಾಡಿದ್ದಾರೆ, ಕುದುರೆ ಅರವತ್ನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಸಮಸ್ಯೆಗೆ ಎಷ್ಟು ಬಗೆ ಉತ್ತರ ಕಟ್ಟಿದ್ದಾರೆ ಅನ್ನುವುದನ್ನು ನೋಡಿದರೆ, ಈ ದೇಶದಲ್ಲಿ ಅದೊಂದು ಶಾಸ್ತ್ರವೇ ಆಗಿತ್ತು ಅಂತ ಗೊತ್ತಾಗುತ್ತದೆ.

ಅಂದರೆ ಸುಲ್ತಾನ್ ಖಾನ್ ಬರಿಗೈಯಲ್ಲಿ ಹೋದವರಲ್ಲ. ಒಂದು ಗರಡಿಯಲ್ಲಿ ಹತ್ತು ಹದಿನೈದು ವರ್ಷ ಪಳಗಿ, ಇನ್ನೊಂದು ಗರಡಿಗೆ ಇಳಿದವರು. ಯುರೋಪಿನ ನಿಯಮಗಳನ್ನು ಕಲಿತದ್ದು ಉಮರ್ ಹಯಾತ್ ಅವರ ಬಳಿ ಸೇರಿದ ಮೇಲೆ. 1928ರಲ್ಲಿ ದೆಹಲಿಯ ಅಖಿಲ ಭಾರತ ಸ್ಪರ್ಧೆಯಲ್ಲಿ ಎಂಟು ಗೆಲುವು, ಒಂದು ಡ್ರಾ, ಸೋಲೇ ಇಲ್ಲ. ಮರುವರ್ಷ ಲಂಡನ್. ಉಮರ್ ಹಯಾತ್ ಅವರಿಗೆ ಅಲ್ಲಿ ಭಾರತ ಮಂತ್ರಿಯ ಕೌನ್ಸಿಲ್ಲಿನಲ್ಲಿ ಸದಸ್ಯತ್ವ ಸಿಕ್ಕಿತ್ತು, ಇವರನ್ನೂ ಕರೆದುಕೊಂಡು ಹೋದರು.

ಹೋದ ತಕ್ಷಣ ಗೆದ್ದರಾ? ಇಲ್ಲ! ಇದನ್ನು ಯಾವ ಅತಿಥಿಯೂ ಹೇಳುವುದಿಲ್ಲ. ಲಂಡನ್ನಿನಲ್ಲಿ ಆಡಿದ ಮೊದಲ ಸಣ್ಣ ಟೂರ್ನಮೆಂಟಿನಲ್ಲಿ ಕೊನೆಯ ಸ್ಥಾನವನ್ನು ಇನ್ನೊಬ್ಬರ ಜೊತೆ ಹಂಚಿಕೊಂಡರು. ಶುರುವಿನ ನಡೆಗಳಲ್ಲಿ ಪುಸ್ತಕ ಓದಿದವರ ಕೈ ಮೇಲಾಗುತ್ತಿತ್ತು. ಆಮೇಲೆ ಕೂತು ಕಲಿತರು. ವಿಲಿಯಂ ವಿಂಟರ್, ಎಫ್. ಡಿ. ಯೇಟ್ಸ್ ಅನ್ನುವ ಇಬ್ಬರು ಒಳ್ಳೆಯ ಬ್ರಿಟಿಷ್ ಆಟಗಾರರು ಪಾಠ ಮಾಡಿದರು. ಅದೇ ವರ್ಷ ರಾಮ್ಸ್‌ಗೇಟ್‌ನಲ್ಲಿ ಬ್ರಿಟಿಷ್ ಚಾಂಪಿಯನ್‌ಶಿಪ್ ಗೆದ್ದರು. ಸೋತು, ತನಗೆ ಏನು ಬಾರದು ಅಂತ ತಿಳಿದು, ಬಲ್ಲವರ ಹತ್ತಿರ ಕೂತು, ಮತ್ತೆ ಆಡಿ ಗೆದ್ದದ್ದು. ಇದರ ಹೆಸರು ವಿದ್ಯೆ ಅಲ್ಲದೆ ಮತ್ತೇನು? ‘ಪ್ರತಿಭೆಗೆ ವಿದ್ಯೆಯ ಹಂಗಿಲ್ಲ’ ಅನ್ನಲು ಇಡೀ ಚೆಸ್ ಚರಿತ್ರೆಯಲ್ಲಿ ಇವರೇ ಬೇಕಿತ್ತಾ?

ಕಾಪಾಬ್ಲಾಂಕಾ ಜೊತೆಗಿನ ಆಟಕ್ಕೆ ಬರೋಣ. 1930ರ ಕೊನೆ, ಹೇಸ್ಟಿಂಗ್ಸ್. ಬಿಳಿ ಕಾಯಿ ಸುಲ್ತಾನ್ ಖಾನರದ್ದು. ಐದನೇ ನಡೆಗೆ ಇವರು ಎ ಸಾಲಿನ ಕಾಲಾಳನ್ನು ಒಂದೇ ಒಂದು ಮನೆ ಮುಂದಿಟ್ಟರು. ನೋಡಿದರೆ ಪುಕ್ಕಲು ನಡೆ, ಹಳ್ಳಿ ಆಟದ ಅಭ್ಯಾಸ ಅನ್ನಿಸಬೇಕು. ಈ ಕ್ವೀನ್ಸ್ ಇಂಡಿಯನ್ ಆಟದಲ್ಲಿ ಅದೇ ಪುಟ್ಟ ನಡೆಯನ್ನು ಮುಂದೆ ಟಿಗ್ರಾನ್ ಪೆಟ್ರೋಸಿಯನ್ ಆಡಿದರು, ಪದ್ಧತಿಗೆ ಅವರ ಹೆಸರೇ ಬಂತು. 1980ರ ದಶಕದಲ್ಲಿ ಕಾಸ್ಪರೋವ್ ಅದನ್ನೇ ಹಿಡಿದು ಒಬ್ಬೊಬ್ಬರನ್ನೇ ಮುಗಿಸಿದರು. ಅವರು ಆಡಿದರೆ ಆಳವಾದ ಯೋಚನೆ, ಪಂಜಾಬಿನವರು ಆಡಿದರೆ ಹುಟ್ಟು ಗುಣ!

ಇಡೀ ಆಟದಲ್ಲಿ ಇವರು ಕ್ಯಾಸ್ಲಿಂಗ್ ಮಾಡಲೇ ಇಲ್ಲ. ರಾಜನನ್ನು ನಡುವೆಯೇ ಇಟ್ಟುಕೊಂಡರು. ರಾಜನ ಕಡೆಯ ಕಾಲಾಳುಗಳನ್ನು ಮುಂದೆ ತಳ್ಳಿ ಆ ಭಾಗವನ್ನು ಬಿಗಿದರು. ಇಪ್ಪತ್ತೊಂದನೇ ನಡೆಯಲ್ಲಿ ಕಾಪಾಬ್ಲಾಂಕಾ ತಮ್ಮ ಆನೆಯನ್ನು ಬಿಳಿಯ ಕೊನೇ ಸಾಲಿಗೆ ನುಗ್ಗಿಸಿ ಶಹ ಕೊಟ್ಟರು. ಮುಂದಿನ ಮೂರು ನಡೆಯಲ್ಲಿ ಲೆಕ್ಕ ಚುಕ್ತಾ: ಬಿಳಿಯ ಮಂತ್ರಿ ಹೋಯಿತು, ಬದಲಿಗೆ ಕಪ್ಪಿನ ಎರಡೂ ಆನೆ ಹೋದವು. ಮಂತ್ರಿಯೊಂದಕ್ಕೆ ಎರಡು ಆನೆ. ಸಾಮಾನ್ಯವಾಗಿ ಮಂತ್ರಿ ಇದ್ದವನಿಗೆ ಹುರುಪು, ಓಡಾಡಲು ಜಾಗ ಇದ್ದರೆ ಶಹದ ಮೇಲೆ ಶಹ ಕೊಟ್ಟು ಗೋಳಾಡಿಸಬಹುದು. ಆದರೆ ಇಲ್ಲಿ ಮಧ್ಯದ ಕಾಲಾಳುಗಳು ಒಂದಕ್ಕೊಂದು ಎದುರು ಬದುರು ನಿಂತು ಹಲಗೆ ಮುಚ್ಚಿಹೋಗಿದೆ. ಕಪ್ಪು ಮಂತ್ರಿ ಗೋಡೆಯ ಸಂದಿಯಲ್ಲಿ ಸಿಕ್ಕಿದ ಹಾಗೆ ಆಚೆ ಈಚೆ ಸುತ್ತುತ್ತದೆ, ಕಚ್ಚಲು ಏನೂ ಸಿಗುವುದಿಲ್ಲ. ಬಿಳಿ ರಾಜ ಎರಡನೇ ಸಾಲಿನಲ್ಲಿ ಮನೆಯ ಚಾವಡಿಯಲ್ಲಿ ಕೂತ ಹಾಗೆ ಕೂತಿದ್ದಾನೆ. ಅಲ್ಲಿಂದ ನಲವತ್ತು ನಡೆ ಸುಲ್ತಾನ್ ಖಾನ್ ಅವಸರವೇ ಮಾಡಲಿಲ್ಲ. ಆನೆ ಇಲ್ಲಿಡುತ್ತಾರೆ, ಅಲ್ಲಿಡುತ್ತಾರೆ, ಮತ್ತೆ ತೆಗೆಯುತ್ತಾರೆ. ಮುಗಿತಾಯದಲ್ಲಿ ಜಗತ್ತಿನಲ್ಲೇ ತನಗೆ ಸಮ ಇಲ್ಲ ಅನ್ನಿಸಿಕೊಂಡಿದ್ದ, 1921ರಿಂದ 1927ರವರೆಗೆ ವಿಶ್ವಚಾಂಪಿಯನ್ ಆಗಿದ್ದ ಮನುಷ್ಯನನ್ನು ಮುಗಿತಾಯದಲ್ಲೇ ಹಿಂಡಿದರು. 65ನೇ ನಡೆಗೆ ಕಾಪಾಬ್ಲಾಂಕಾ ಸೋಲೊಪ್ಪಿದರು.

ನಾನು ದೊಡ್ಡ ಆಟಗಾರನಲ್ಲ. ಲೋಕಲ್ ಟ್ರೇನಿನಲ್ಲಿ ಡೊಂಬಿವಿಲಿಯಿಂದ ವೀಟಿಯವರೆಗೆ ಮೊಣಕಾಲ ಮೇಲೆ ಅಯಸ್ಕಾಂತದ ಪುಟ್ಟ ಹಲಗೆ ಇಟ್ಟುಕೊಂಡು ಆಡಿದವರಲ್ಲಿ ಒಬ್ಬ, ಅಷ್ಟೇ. ಆದರೂ ಈ ಆಟವನ್ನು ಹತ್ತಾರು ಸಲ ಹಲಗೆಯ ಮೇಲೆ ಇಟ್ಟು ನೋಡಿದ್ದೇನೆ. ಅದೃಷ್ಟದ ನಡೆ ಒಂದೂ ಕಾಣಲಿಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. 1931ರ ಜನವರಿಯಲ್ಲಿ ಟಾರ್ಟಕೋವರ್ ವಿರುದ್ಧ ಹನ್ನೆರಡು ಆಟಗಳ ಪಂದ್ಯವನ್ನು ಆರೂವರೆ–ಐದೂವರೆಯಿಂದ ಗೆದ್ದರು. ಅದೇ ವರ್ಷ ಪ್ರಾಗ್ ಒಲಿಂಪಿಯಾಡಿನಲ್ಲಿ ಬ್ರಿಟಿಷ್ ತಂಡದ ಮೊದಲ ಬೋರ್ಡಿನಲ್ಲಿ ಕೂತು ಹದಿನೇಳು ಆಟಗಳಲ್ಲಿ ಎಂಟು ಗೆಲುವು, ಏಳು ಡ್ರಾ, ಎರಡೇ ಸೋಲು. ಫ್ಲೋರ್, ರೂಬಿನ್‌ಸ್ಟೈನ್ ಇಬ್ಬರೂ ಸೋತವರ ಪಟ್ಟಿಯಲ್ಲಿ, ಆಗಿನ ವಿಶ್ವಚಾಂಪಿಯನ್ ಅಲೆಖಿನ್ ಜೊತೆ ಡ್ರಾ. 1932, 1933ರಲ್ಲಿ ಮತ್ತೆ ಬ್ರಿಟಿಷ್ ಚಾಂಪಿಯನ್. ಈ ನಡುವೆ ಮಲೇರಿಯಾ, ನೆಗಡಿ, ಗಂಟಲುನೋವು ಬಿಡಲಿಲ್ಲ, ಕತ್ತಿಗೆ ಬಟ್ಟೆ ಸುತ್ತಿಕೊಂಡೇ ಆಡುತ್ತಿದ್ದರು. ಅಲ್ಲಿಯ ಚಳಿ ಅವರಿಗೆ ಆಗಲಿಲ್ಲ.

1933ರ ಕೊನೆಗೆ ಉಮರ್ ಹಯಾತ್ ವಾಪಸು ಹೊರಟರು, ಸುಲ್ತಾನ್ ಖಾನರೂ ಹೊರಟರು. ಇಲ್ಲಿ ಮನೆಯವರ ಮಾತಿಗೂ ಫೈನ್ ಮಾತಿಗೂ ಹೊರತಾದ ಒಂದು ಸತ್ಯ ಇದೆ. ಆಳೋ ಅಲ್ಲವೋ, ಟಿಕೆಟು ಅವರ ಕೈಯಲ್ಲಿ ಇರಲಿಲ್ಲ. ಎಲ್ಲಿ ಆಡಬೇಕು, ಎಷ್ಟು ವರ್ಷ ಆಡಬೇಕು ಅನ್ನುವುದು ಇನ್ನೊಬ್ಬರ ಹುದ್ದೆಯ ಅವಧಿಯ ಮೇಲೆ ನಿಂತಿತ್ತು. ಜಗತ್ತಿನ ಮೊದಲ ಹತ್ತು ಜನರಲ್ಲಿ ಒಬ್ಬರೆನಿಸಿದ್ದ ಆಟಗಾರ ಮೂವತ್ತು ವಯಸ್ಸಿನ ಆಸುಪಾಸಿನಲ್ಲಿ ನಿಂತುಹೋಗುವುದು ಅಂದರೆ ಸಣ್ಣ ನಷ್ಟ ಅಲ್ಲ. ಊರಿಗೆ ಹೋಗುವುದು ಅವರಿಗೆ ಜೈಲಿನಿಂದ ಬಿಡುಗಡೆ ಆದ ಹಾಗಿತ್ತು ಅಂತ ಅದೇ ಮನೆಯಲ್ಲಿದ್ದ ಫಾತಿಮಾ ಎಷ್ಟೋ ವರ್ಷಗಳ ಮೇಲೆ ಹೇಳಿದ್ದುಂಟು. ಅದನ್ನು ನಂಬುತ್ತೇನೆ. ಊರಿನ ಬಿಸಿಲು ಬೇಕು ಅನ್ನಿಸುವುದು ನಮಗೆಲ್ಲ ಗೊತ್ತಿರುವುದೇ. ಆದರೆ ಭಾರತದಲ್ಲಿ ಆಡಲು ಏನಿತ್ತು? 1935ರಲ್ಲಿ ಖಾಡಿಲ್ಕರ್ ಜೊತೆ ಹತ್ತು ಆಟ, ಒಂಬತ್ತೂವರೆ ಅಂಕ. ಆಮೇಲೆ ದೊಡ್ಡ ಆಟ ಇಲ್ಲ. 1966ರಲ್ಲಿ ಸರ್ಗೋಧಾದಲ್ಲಿ ತೀರಿಕೊಂಡರು.

ಇವತ್ತಿಗೂ ನನ್ನ ಸಿಟ್ಟು ಇಳಿಯದಿರುವುದು 1950ರ ವಿಷಯದಲ್ಲಿ. ಆ ವರ್ಷ ವಿಶ್ವ ಚೆಸ್ ಸಂಸ್ಥೆ ಫಿಡೆ ಮೊಟ್ಟಮೊದಲ ಸಲ ಅಧಿಕೃತವಾಗಿ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಿತು, ಆಗ ಬದುಕಿದ್ದ 27 ಜನಕ್ಕೆ. ಹಳಬರಿಗೆ ಅವರ ಹಿಂದಿನ ಸಾಧನೆ ನೋಡಿ ಕೊಟ್ಟರು. ಆ ಪಟ್ಟಿಯಲ್ಲಿ ರೂಬಿನ್‌ಸ್ಟೈನ್ ಇದ್ದಾರೆ, ಅವರು ಸ್ಪರ್ಧೆ ಬಿಟ್ಟು ಹದಿನೆಂಟು ವರ್ಷ ಆಗಿತ್ತು. ಓಲ್ಡ್ರಿಚ್ ಡುರಾಸ್ ಇದ್ದಾರೆ, ಅವರು ಆಟ ಬಿಟ್ಟದ್ದು 1914ರಲ್ಲಿ! ಟಾರ್ಟಕೋವರ್ ಇದ್ದಾರೆ, ಫ್ಲೋರ್ ಇದ್ದಾರೆ. ಊಟಕ್ಕೆ ಹೋಗಿದ್ದ ರೂಬೆನ್ ಫೈನ್ ಇದ್ದಾರೆ. ಇವರಲ್ಲಿ ಮೂವರನ್ನು ಹಲಗೆಯ ಮೇಲೆ ಸೋಲಿಸಿದ್ದ, ಆಗಿನ್ನೂ ಬದುಕಿದ್ದ ಸುಲ್ತಾನ್ ಖಾನ್ ಇಲ್ಲ. ಹದಿನೈದು ವರ್ಷದಿಂದ ಆಡಿಲ್ಲ ಅನ್ನುವುದು ಕಾರಣ ಆಗಲಾರದು, ಡುರಾಸ್ ಆಡದೆ ಮೂವತ್ತಾರು ವರ್ಷ. ಅವರ ಪರ ಹೇಳಲು ಆ ಕೋಣೆಯಲ್ಲಿ ಯಾರೂ ಇರಲಿಲ್ಲ ಅನ್ನುವುದೊಂದೇ ಕಾರಣ ನನಗೆ ಕಾಣುವುದು. ಬ್ರಿಟನ್‌ಗೆ ಅವರು ಬಂದು ಹೋದ ಅತಿಥಿ. ಪಾಕಿಸ್ತಾನ ಹುಟ್ಟಿ ಮೂರು ವರ್ಷ, ಅದಕ್ಕೆ ಬೇರೆ ಚಿಂತೆ. ಭಾರತಕ್ಕೆ ಅವರು ಗಡಿಯ ಆಚೆಯವರು.

ನಮ್ಮ ಕಡೆಯದ್ದೂ ಅಷ್ಟೇ. ಭಾರತದ ಚೆಸ್ ಕತೆ ಹೇಳುವಾಗ 1961ರ ಮ್ಯಾನ್ಯುಯೆಲ್ ಏರನ್ ಅವರಿಂದ ಶುರುಮಾಡಿ 1988ರ ಆನಂದ್ ಅವರಿಗೆ ಬರುತ್ತೇವೆ. ಅವರಿಬ್ಬರ ಬಗ್ಗೆ ನನಗೆ ಗೌರವವೇ. ಆದರೆ ದೆಹಲಿಯಲ್ಲಿ ಅಖಿಲ ಭಾರತ ಚಾಂಪಿಯನ್ ಆದವರನ್ನು, ಊರು ಆಮೇಲೆ ಗಡಿಯ ಆಚೆಗೆ ಹೋಯಿತು ಅಂತ ಕೈಬಿಡುವುದು ಯಾವ ನ್ಯಾಯ? ಅದಕ್ಕೂ ಹಿಂದೆ, ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ, ಕಲ್ಕತ್ತೆಯಲ್ಲಿ ಬ್ಯಾರಿಸ್ಟರ್ ಕಾಕ್ರೇನ್ ಜೊತೆ ನೂರಾರು ಆಟ ಆಡಿದ ಮೊಹೇಶಚಂದ್ರ ಬ್ಯಾನರ್ಜಿ ಇದ್ದರು. ಇವತ್ತು ಜಗತ್ತು ‘ಇಂಡಿಯನ್ ಡಿಫೆನ್ಸ್’ ಅನ್ನುವ ಹೆಸರು ಅವರ ಆಟದಿಂದ ಬಂದದ್ದು. ಹೆಸರು ದೇಶಕ್ಕೆ ಹೋಯಿತು, ಆಡಿದವರು ಯಾರು ಅಂತ ನಮ್ಮಲ್ಲಿ ನೂರಕ್ಕೆ ಒಬ್ಬರಿಗೂ ಗೊತ್ತಿಲ್ಲ.

2024ರಲ್ಲಿ ಫಿಡೆ ಕೊನೆಗೂ ಸುಲ್ತಾನ್ ಖಾನರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಿತು. ಫಿಡೆ ಅಧ್ಯಕ್ಷರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಪ್ರಧಾನಿಯ ಕೈಗೆ ಕೊಟ್ಟರು. ತೀರಿಕೊಂಡು 58 ವರ್ಷಕ್ಕೆ. ಒಳ್ಳೆಯದೇ ಆಯಿತು. ಆದರೆ ಆ ಸುದ್ದಿ ಬಂದ ವಾರ ನಮ್ಮವರು ಹಂಚಿಕೊಂಡದ್ದು ಮತ್ತೆ ಅದೇ ಕತೆ: ಅನಕ್ಷರಸ್ಥ ಆಳಿಗೆ ಗ್ರ್ಯಾಂಡ್‌ಮಾಸ್ಟರ್ ಪಟ್ಟ!

ಫಾತಿಮಾ ಹೆಸರು ಮೇಲೆ ಬಂತಲ್ಲ, ಅವರ ವಿಷಯ ಹೇಳದೆ ಮುಗಿಸಿದರೆ ನಾನೂ ಅದೇ ಸಾಲಿಗೆ ಸೇರುತ್ತೇನೆ. ಅವರೂ ಉಮರ್ ಹಯಾತ್ ಅವರ ಮನೆಯವರ ಜೊತೆ ಲಂಡನ್‌ಗೆ ಹೋದ ಹುಡುಗಿ. 1933ರಲ್ಲಿ, ಸುಲ್ತಾನ್ ಖಾನ್ ಮೂರನೇ ಸಲ ಗೆದ್ದ ಅದೇ ಹೇಸ್ಟಿಂಗ್ಸ್‌ನಲ್ಲಿ, ಬ್ರಿಟಿಷ್ ಮಹಿಳಾ ಚಾಂಪಿಯನ್‌ಶಿಪ್ ಗೆದ್ದರು. ಹನ್ನೊಂದು ಆಟ, ಹತ್ತು ಗೆಲುವು, ಒಂದು ಡ್ರಾ. ಎರಡನೇ ಸ್ಥಾನದವರಿಗಿಂತ ಮೂರು ಅಂಕ ಮುಂದೆ. ಒಂದೇ ವರ್ಷ, ಒಂದೇ ಮನೆಯಿಂದ ಎರಡು ಬ್ರಿಟಿಷ್ ಚಾಂಪಿಯನ್ನರು! ಚಾಂಪಿಯನ್ನರ ಪಟ್ಟಿಯಲ್ಲಿ ಉಳಿದವರಿಗೆಲ್ಲ ಪೂರ್ತಿ ಹೆಸರಿದೆ, ಇವರು ಬರೀ ‘ಮಿಸ್ ಫಾತಿಮಾ’. ಅವರದ್ದಂತೂ ಕತೆಯನ್ನೂ ಯಾರೂ ಕಟ್ಟಲಿಲ್ಲ.

ಮಕ್ಕಳಿಗೆ ಕೊಡಲು ಅಂತ ಕಾಪಾಬ್ಲಾಂಕಾ ಜೊತೆಗಿನ ಆಟದ 65 ನಡೆಗಳನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ರಾಜನಿಗೆ ರಾ, ಮಂತ್ರಿಗೆ ಮಂ, ಆನೆಗೆ ಆ, ಒಂಟೆಗೆ ಒಂ, ಕುದುರೆಗೆ ಕು. ಎರಡು ಹಾಳೆ ಆಗಿದೆ. ಈ ಸಲ ಸ್ಪರ್ಧೆ ಇಡುವ ಸಂಘದವರು ಕೇಳಿದರೆ ಝೆರಾಕ್ಸ್ ಮಾಡಿಸಿ ಕಳಿಸುತ್ತೇನೆ, ಖರ್ಚು ನನ್ನದು.